ಎರಡನೇ ಸಲ ಏಳುವ ತನಕ

ಮೇಡಂ ತೀರಿಕೊಂಡ ಸುದ್ದಿ ಬಂದಾಗ ನಾನು ಒಂದು ಕಂಪ್ಯೂಟರ್ ಎದ್ದು ಬರಲಿ ಎಂದು ಕಾಯುತ್ತಾ ಕೂತಿದ್ದೆ. ಎಲೆಕ್ಟ್ರಾನಿಕ್ ಸಿಟಿಯ ಈ ಆಫೀಸಿನಲ್ಲಿ ನನ್ನ ಕೆಲಸದ ಮುಕ್ಕಾಲು ಪಾಲು ಕಾಯುವುದೇ ಆಗಿದೆ. ಬಿಳಿ ಚುಕ್ಕೆಗಳು ಸುತ್ತುತ್ತವೆ, ಇಷ್ಟು ಭಾಗ ಮುಗಿಯಿತು ಎಂದು ತೋರಿಸುತ್ತದೆ, ದಯವಿಟ್ಟು ಆರಿಸಬೇಡಿ ಎನ್ನುತ್ತದೆ. ನಾನು ಆರಿಸುವುದಿಲ್ಲ. ಅತ್ತಿಬೆಲೆಯಿಂದ ಹೊಸೂರು ರಸ್ತೆಯಲ್ಲಿ ತೆವಳಿಕೊಂಡು ಇಲ್ಲಿಗೆ ಬರುವಷ್ಟರಲ್ಲೇ ಅರ್ಧ ಜೀವ ಹೋಗಿರುತ್ತದೆ. ಉಳಿದರ್ಧ ಈ ಚುಕ್ಕೆಗಳ ಪಾಲು.

ಫೋನಿನಲ್ಲಿ ಬೊಮ್ಮಸಂದ್ರದ ನಮ್ಮ ಹಳೆಯ ಕಾರ್ಖಾನೆಯವರ ವಾಟ್ಸಾಪ್ ಗುಂಪು ಸದ್ದು ಮಾಡಿತು. ಯಾರೋ ಮೇಡಂ ಅವರ ಫೋಟೋ ಹಾಕಿ, ಹಾವೇರಿ ಕಡೆ ತಮ್ಮನ ಮನೆಯಲ್ಲಿದ್ದರು, ನಿನ್ನೆ ಹೋದರಂತೆ ಎಂದು ಬರೆದಿದ್ದರು. ಅದರ ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು. ಒಬ್ಬರಾದರೂ ಒಂದು ಮಾತು ಬರೆದಿರಲಿಲ್ಲ. ನಾನೂ ಒಂದು ಕೈಮುಗಿದ ಚಿತ್ರ ಒತ್ತಿ ಫೋನನ್ನು ಮಗುಚಿಟ್ಟೆ. ಸ್ವಲ್ಪ ಹೊತ್ತಿಗೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಅವರು ಕಲಿಸಿದ ಕೆಲಸದಿಂದ ಇಷ್ಟು ವರ್ಷ ಅನ್ನ ತಿಂದವನು ನಾನು. ಆ ಹೆಂಗಸಿಗೆ ಇಷ್ಟರಿಂದ ಮುಗಿಸುವುದು ಸರಿಯಲ್ಲ ಅನ್ನಿಸಿತು.

ಅವರ ಹೆಸರು ಬರೆಯುವುದಿಲ್ಲ. ಕಾರ್ಖಾನೆಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ಆಫೀಸಿನವರಿಗೆ ಮೇಡಂ, ಪ್ಯಾಕಿಂಗ್ ಹಾಲಿನಲ್ಲಿದ್ದ ಬಾಗಲಕೋಟೆ, ಗದಗ ಕಡೆಯವರಿಗೆ ಅಕ್ಕಾರು. ನಮ್ಮದು ಮಾತ್ರೆ ಪ್ಯಾಕ್ ಮಾಡುವ ಕಾರ್ಖಾನೆ. ಮಾತ್ರೆಯ ಪಟ್ಟಿಯ ಬೆನ್ನಿನ ಮೇಲೆ ಬ್ಯಾಚ್ ನಂಬರು, ಮುಗಿಯುವ ತಾರೀಖು ಅಚ್ಚಾಗುತ್ತದಲ್ಲ, ಅದನ್ನು ಅಚ್ಚು ಹಾಕಿಸುವ ಕಂಪ್ಯೂಟರುಗಳು ಪ್ರತಿ ಲೈನಿಗೂ ಒಂದೊಂದು ಇದ್ದವು. ಅವುಗಳನ್ನು ನೋಡಿಕೊಳ್ಳುವ ವಿಭಾಗದಲ್ಲಿ ಇದ್ದವರು ಇಬ್ಬರೇ, ಮೇಡಂ ಮತ್ತು ನಾನು. ಡಿಪ್ಲೊಮಾ ಮುಗಿಸಿ ಬಂದಿದ್ದ ನನಗೆ ಎಲ್ಲವೂ ಗೊತ್ತು ಎಂಬ ಧಿಮಾಕು. ಅವರಿಗೆ ಆಗಲೇ ಐವತ್ತು ದಾಟಿತ್ತು.

ಕುಳ್ಳಗಿದ್ದರು. ಹಣೆಯ ಮೇಲೆ ವಿಭೂತಿ, ಕೊರಳಿಗೆ ದಾರ ಕಟ್ಟಿ ಇಳಿಬಿಟ್ಟ ದಪ್ಪ ಗಾಜಿನ ಕನ್ನಡಕ, ಇಳಕಲ್ ಸೀರೆಯ ಮೇಲೆ ಕಾರ್ಖಾನೆಯ ಬಿಳಿ ಕೋಟು. ಹೆಗಲಿಗೆ ಒಂದು ಖಾದಿ ಚೀಲ. ಅದರಲ್ಲಿ ಟಾರ್ಚು, ಸ್ಕ್ರೂ ಡ್ರೈವರು, ಫ್ಯಾನಿನ ಧೂಳು ತೆಗೆಯಲು ಹಳೆಯ ಹಲ್ಲುಜ್ಜುವ ಬ್ರಷ್ಷು, ಸೀಡಿಗಳ ಒಂದು ಕಟ್ಟು, ಪೆನ್ಸಿಲ್ ಅಳಿಸುವ ರಬ್ಬರು. ಜೊತೆಗೆ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ.

ಆ ರಬ್ಬರು ಯಾತಕ್ಕೆ ಎಂದು ನನಗೆ ಮೊದಲ ವಾರವೇ ಗೊತ್ತಾಯಿತು. ಒಂದು ಕಂಪ್ಯೂಟರು ಬೆಳಿಗ್ಗೆ ಏಳದೆ ಬರೀ ಕುಂಯ್ ಕುಂಯ್ ಅನ್ನುತ್ತಿತ್ತು. ನಾನು ಹೊರಗಿನಿಂದಲೇ ನೋಡಿ, ಮದರ್‌ಬೋರ್ಡ್ ಹೋಗಿದೆ, ಬದಲಾಯಿಸಬೇಕು ಎಂದು ತೀರ್ಪು ಕೊಟ್ಟೆ. ಅವರು ಕ್ಯಾಬಿನೆಟ್ ಬಿಚ್ಚಿದರು, ಒಳಗಿನ ಮೆಮರಿ ಪಟ್ಟಿಯನ್ನು ಹೊರಗೆಳೆದು ಅದರ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ನಿಧಾನವಾಗಿ ಉಜ್ಜಿದರು, ಮತ್ತೆ ಸಿಕ್ಕಿಸಿದರು. ಅದು ಎದ್ದು ಕೂತಿತು. ಹಲ್ಲು ತಿಕ್ಕಿದರೆ ಹೋಗುವುದಕ್ಕೆ ಹಲ್ಲು ಕೀಳಿಸಬಾರದು ತಮ್ಮಾ ಎಂದು ಹೇಳಿ ರಬ್ಬರನ್ನು ಚೀಲಕ್ಕೆ ಹಾಕಿಕೊಂಡರು. ನನ್ನ ಮುಖ ನೋಡುವ ಹಾಗಿತ್ತಂತೆ.

ಏನಾದರೂ ಹೊಸದು ಹಾಕೋಣ ಎಂದು ನಾನು ಹೇಳಿದಾಗಲೆಲ್ಲ ಅವರದು ಒಂದೇ ಪ್ರಶ್ನೆ. "ಹಿಂದಿಂದು ಎಲ್ಲೈತಿ?" ಹಳೆಯದನ್ನು ಜೋಪಾನವಾಗಿ ಎತ್ತಿಡದೆ ಹೊಸದಕ್ಕೆ ಕೈ ಹಾಕಬಾರದು ಎಂಬುದು ಅವರ ವ್ರತ. ಅದರಲ್ಲೂ ಚಿಪ್‌ಸೆಟ್ ಡ್ರೈವರ್ ಎಂದರೆ ಮೈಯೆಲ್ಲ ಕಣ್ಣಾಗಿರುತ್ತಿದ್ದರು. ಅದು ಮದರ್‌ಬೋರ್ಡಿಗೂ ವಿಂಡೋಸಿಗೂ ನಡುವೆ ನಿಂತಿರುವ ದುಭಾಷಿ. ದುಭಾಷಿ ತಪ್ಪಿದರೆ ವಿಂಡೋಸಿಗೆ ತನ್ನ ಡಿಸ್ಕೇ ಕಾಣುವುದಿಲ್ಲ, ಕಂಪ್ಯೂಟರು ಏಳುವುದೇ ಇಲ್ಲ. ನೋಡಲು ಒಂದೇ ಥರ ಇರುವ ಬೋರ್ಡುಗಳಿಗೂ ಬೇರೆ ಬೇರೆ ಡ್ರೈವರು ಬೇಕಾಗಬಹುದು. ಹಾಗಾಗಿ ಅವರು ಪ್ರತಿ ಸಲ ಕ್ಯಾಬಿನೆಟ್ ಬಿಚ್ಚಿ, ಬೋರ್ಡಿನ ಮೇಲೆ ಸೊಳ್ಳೆಯಷ್ಟು ಸಣ್ಣಗೆ ಬರೆದಿರುವ ನಂಬರನ್ನು ಟಾರ್ಚು ಬಿಟ್ಟು ಓದಿ, ಕಾಗದದ ಮೇಲೆ ಬರೆದುಕೊಂಡು ಆಮೇಲೆ ಮುಂದಿನ ಮಾತು. ಹಳೆಯ ಡ್ರೈವರಿನ ಸೀಡಿಯನ್ನು ಒಂದು ಕವರಿನಲ್ಲಿಟ್ಟು ಅದೇ ಕ್ಯಾಬಿನೆಟ್ಟಿನ ಒಳಗೋಡೆಗೆ ಟೇಪು ಹಾಕಿ ಅಂಟಿಸುತ್ತಿದ್ದರು. ಕವರಿನ ಮೇಲೆ ದುಂಡಗಿನ ಅಕ್ಷರದಲ್ಲಿ 'ಹಿಂದಿನದು' ಎಂದು ಬರೆದಿರುತ್ತಿತ್ತು.

ಇನ್ನೊಂದು ಪದ್ಧತಿ ಇತ್ತು. ಕೆಲಸ ಮುಗಿದ ಮೇಲೆ ಕಂಪ್ಯೂಟರನ್ನು ಆರಿಸಿ ಹಚ್ಚುತ್ತಿದ್ದರು. ಎದ್ದಿತು ಎಂದು ನಾನು ಚೀಲ ಎತ್ತಿಕೊಂಡರೆ, ಕೂಡು ಎನ್ನುತ್ತಿದ್ದರು. ಮತ್ತೆ ಆರಿಸಿ, ಮತ್ತೆ ಹಚ್ಚಿ, ತೊಡೆಯ ಮೇಲೆ ಕೈ ಇಟ್ಟುಕೊಂಡು ಕಾಯುತ್ತಿದ್ದರು. ಎರಡು ಸಲ ಎದ್ದರೆ ಮಾತ್ರ ಎದ್ದ ಹಾಗೆ, ಮೊದಲನೆಯದು ಹಳೇ ನೆನಪಿನ ಮೇಲೆ ಎದ್ದಿರಬಹುದು ಎಂದು ಅವರ ವಾದ. ಎರಡನೇ ಸಲ ಆ ಲೈನಿನ ಆಪರೇಟರೇ ಹಚ್ಚಬೇಕು, ಅವನೂ ಸಹಿ ಹಾಕಬೇಕು. ಆಮೇಲೆ ಮೇಡಂ ಸಹಿ. ಔಷಧಿ ಕಾರ್ಖಾನೆಯಲ್ಲಿ ಲಾಗ್ ಬುಕ್ಕಿನ ಸಹಿ ಇಲ್ಲದೆ ಲೈನು ಓಡುವ ಹಾಗಿಲ್ಲ, ಆದ್ದರಿಂದ ಎಲ್ಲರೂ ಅವರಿಗಾಗಿ ಕಾಯಲೇಬೇಕಿತ್ತು.

ಒಮ್ಮೆ ನಮ್ಮ ಕಂಪನಿ ಬಸ್ಸು ಹೆಬ್ಬಗೋಡಿ ಹತ್ತಿರ ಕೆಟ್ಟು ನಿಂತಿತು. ಮುಕ್ಕಾಲು ಗಂಟೆ ಒದ್ದಾಡಿ ಡ್ರೈವರಣ್ಣ ಹೇಗೋ ಎಂಜಿನ್ ಚಾಲೂ ಮಾಡಿದ. ಎಲ್ಲರೂ ಉಸ್ಸೆಂದು ಕೂತರೆ, ಮೇಡಂ ಮುಂದಿನ ಸೀಟಿನಿಂದ ಅವನಿಗೆ, ಇನ್ನೊಮ್ಮೆ ಬಂದ್ ಮಾಡಿ ಚಾಲೂ ಮಾಡಿ ನೋಡಪ್ಪ ಎಂದರು. ಬಸ್ಸಿನವರೆಲ್ಲ ಹೋ ಎಂದರು. ಡ್ರೈವರಣ್ಣ ಕೈಮುಗಿದ. ಮೇಡಂ ಮಾತ್ರ ಬೊಮ್ಮಸಂದ್ರ ಬರುವ ತನಕ ಎಂಜಿನ್ನಿನ ಸದ್ದನ್ನೇ ಅನುಮಾನದಿಂದ ಕೇಳಿಸಿಕೊಳ್ಳುತ್ತಾ ಕೂತಿದ್ದರು.

ಅವರೇನು ದೇವತೆಯಲ್ಲ. ಬಹಳ ನಿಧಾನ. ಹಟಮಾರಿ. ಹೊಗಳಿಕೆ ಎಂಬುದು ಅವರ ಬಾಯಲ್ಲಿ ಬಂದದ್ದನ್ನು ನಾನು ಕೇಳಿಲ್ಲ. ಒಂದು ಕೆಲಸ ಚೆನ್ನಾಗಿ ಮಾಡಿದರೆ ಅವತ್ತು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಬೀಳುತ್ತಿತ್ತು, ಅಷ್ಟೇ. ಪ್ರೊಡಕ್ಷನ್ ಮ್ಯಾನೇಜರಿಗೆ ಅವರನ್ನು ಕಂಡರೆ ತಲೆನೋವು. ಆ ವರ್ಷ ಆಷಾಢದಲ್ಲಿ ಪೀಣ್ಯದ ನಮ್ಮ ಇನ್ನೊಂದು ಘಟಕಕ್ಕೆ ಯಾರನ್ನಾದರೂ ಕೆಲವು ತಿಂಗಳು ಕಳಿಸಬೇಕೆಂದಾಗ ಮ್ಯಾನೇಜರು ಎರಡನೇ ಯೋಚನೆ ಮಾಡದೆ ಮೇಡಂ ಹೆಸರು ಕೊಟ್ಟರು. ಊರಿನ ಈ ತುದಿಯಿಂದ ಆ ತುದಿಗೆ ದಿನಾ ಎರಡು ಬಸ್ಸು ಬದಲಾಯಿಸಿಕೊಂಡು ಅವರು ಹೋಗತೊಡಗಿದರು. ಇತ್ತ ವಿಭಾಗ ಪೂರ್ತಿ ನನ್ನದಾಯಿತು. ಸುಳ್ಳು ಹೇಳುವುದಿಲ್ಲ, ನನಗೆ ಖುಷಿಯಾಗಿತ್ತು.

ಅವರು ಹೋದ ಮೂರನೇ ವಾರ ಎರಡನೇ ಲೈನಿಗೆ ಹೊಸ ಪ್ರಿಂಟರ್ ಬಂತು. ಆ ಲೈನಿನ ಆಪರೇಟರ್ ಯಮನಪ್ಪ. ಬಾಗಲಕೋಟೆ ಕಡೆಯವನು, ಗುತ್ತಿಗೆಯ ಮೇಲೆ ಇದ್ದವನು, ಮಾತು ಕಮ್ಮಿ. ಹೆಂಡತಿ, ಪುಟ್ಟ ಮಗಳ ಜೊತೆ ಬೊಮ್ಮಸಂದ್ರದಲ್ಲೇ ಒಂದು ಬಾಡಿಗೆ ಕೋಣೆಯಲ್ಲಿದ್ದ. ಹೊಸ ಪ್ರಿಂಟರನ್ನು ಅವನ ಕಂಪ್ಯೂಟರು ಗುರುತಿಸಲಿಲ್ಲ. ಪ್ರಿಂಟರಿನವರಿಗೆ ಫೋನ್ ಮಾಡಿದರೆ, ಚಿಪ್‌ಸೆಟ್ ಡ್ರೈವರ್ ಹಳೆಯದು, ಹೊಸದು ಹಾಕಿ ಎಂದರು. ನಾನು ನೆಟ್‌ನಿಂದ ಇಳಿಸಿಕೊಂಡೆ. ಕ್ಯಾಬಿನೆಟ್ ಬಿಚ್ಚಲಿಲ್ಲ, ಟಾರ್ಚು ಹಿಡಿಯಲಿಲ್ಲ, ನಂಬರು ಓದಲಿಲ್ಲ. ಪಕ್ಕದ ಲೈನಿನದು ಯಾವ ಬೋರ್ಡೋ ಇದೂ ಅದೇ ಇರಬೇಕು ಅಂದುಕೊಂಡು ಹಾಕಿಬಿಟ್ಟೆ. ಪ್ರಿಂಟರು ಓಡಿತು. ಪುಸ್ತಕದಲ್ಲಿ ಹೊಸ ಪ್ರಿಂಟರ್ ಜೋಡಿಸಿದೆ ಎಂದಷ್ಟೇ ಬರೆದು ಮೇಡಂ ಜಾಗದಲ್ಲಿ ನಾನೇ ಸಹಿ ಹಾಕಿದೆ.

ಕೊನೆಯಲ್ಲಿ ಪರದೆಯ ಮೇಲೆ ಒಂದು ಡಬ್ಬಿ ಬಂತು. ಕಂಪ್ಯೂಟರನ್ನು ಆರಿಸಿ ಹಚ್ಚಿದರೆ ಮಾತ್ರ ಕೆಲಸ ಪೂರ್ತಿ ಆಗುತ್ತದೆ, ಈಗಲೇ ಮಾಡಲೇ, ಆಮೇಲೆ ಮಾಡಲೇ ಎಂದು ಕೇಳುವ ಡಬ್ಬಿ. ಲೈನು ಓಡುತ್ತಿತ್ತು, ನಿಲ್ಲಿಸಿದರೆ ಮ್ಯಾನೇಜರು ಕೂಗಾಡುತ್ತಾರೆ. ಅದನ್ನು ಹಾಗೇ ಪರದೆಯ ಮೂಲೆಗೆ ಎಳೆದಿಟ್ಟು ಯಮನಪ್ಪನಿಗೆ ಹೇಳಿದೆ. "ಇದನ್ನ ಮುಟ್ಬೇಡ. ಅಲ್ಲೇ ಮೂಲೇಲಿ ಇರ್ಲಿ. ಭಾನುವಾರ ಬಂದು ನಾನೇ ನೋಡ್ತೀನಿ."

ಆ ಭಾನುವಾರ ನಾನು ಹೋಗಲಿಲ್ಲ. ಮುಂದಿನದಕ್ಕೂ ಹೋಗಲಿಲ್ಲ. ಮೂರು ಪಾಳಿ ಓಡುವ ಲೈನು, ಕಂಪ್ಯೂಟರನ್ನು ಯಾರೂ ಆರಿಸುತ್ತಿರಲಿಲ್ಲ. ಆ ಡಬ್ಬಿ ಒಮ್ಮೊಮ್ಮೆ ತಾನಾಗಿ ಪರದೆಯ ನಡುವೆ ಬಂದು ಕೂರುತ್ತಿತ್ತಂತೆ, ಯಮನಪ್ಪ ಅದನ್ನು ಮತ್ತೆ ಮೂಲೆಗೆ ಸರಿಸುತ್ತಿದ್ದನಂತೆ. ಒಂದೆರಡು ಸಲ ನನಗೆ ನೆನಪು ಮಾಡಿದ. ನೋಡೋಣ ಇರೋ ಎಂದೆ. ಶ್ರಾವಣ ಕಳೆಯಿತು, ಗಣಪತಿ ಹಬ್ಬ ಕಳೆಯಿತು. ಆ ಡಬ್ಬಿ ಎಲ್ಲರಿಗೂ ರೂಢಿಯಾಗಿ ಪರದೆಯದೇ ಒಂದು ಭಾಗವಾಗಿಬಿಟ್ಟಿತು.

ಆಯುಧಪೂಜೆಯ ದಿನ ಇಡೀ ಕಾರ್ಖಾನೆ ನಿಂತಿತು. ವರ್ಷಕ್ಕೊಮ್ಮೆ ಎಲ್ಲ ಯಂತ್ರಗಳನ್ನೂ ಆರಿಸಿ, ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳ ಒಡೆಯುವುದು. ಉಳಿದ ಲೈನಿನವರು ಕಂಪ್ಯೂಟರನ್ನು ಕ್ರಮವಾಗಿ ಮುಚ್ಚಿದರು. ಯಮನಪ್ಪ ಪರದೆ ನೋಡಿದ, ಮೂಲೆಯಲ್ಲಿ ಡಬ್ಬಿ. ಮುಟ್ಟಬೇಡ ಎಂದಿದ್ದೆನಲ್ಲ. ಅವನು ಪರದೆಯ ಮೇಲಿನ ಏನನ್ನೂ ಒತ್ತದೆ ಹಿಂದಿನ ಸ್ವಿಚ್ ಆರಿಸಿದ. ಆಮೇಲೆ ಗಾಜನ್ನು ನೀಟಾಗಿ ಒರೆಸಿ, ನಡುವೆ ಕುಂಕುಮ ಇಟ್ಟು ಕೈಮುಗಿದ.

ಹಬ್ಬದ ರಜೆ ಮುಗಿದು ಬಾಗಿಲು ತೆಗೆದ ಬೆಳಿಗ್ಗೆ ಎಲ್ಲ ಎದ್ದವು, ಎರಡನೇ ಲೈನಿನದು ಏಳಲಿಲ್ಲ. ವಿಂಡೋಸಿನ ಗುರುತು ಬರುವುದು, ಒಂದು ಕ್ಷಣ ನೀಲಿ ಪರದೆ ಮಿಂಚುವುದು, ಆರುವುದು, ಮತ್ತೆ ಮೊದಲಿನಿಂದ. ನಾನು ಎಂಟೂವರೆಗೆ ಬಂದಾಗ ಅದು ಎರಡು ತಾಸಿನಿಂದ ಹಾಗೇ ಬಿದ್ದೆದ್ದು ಮಾಡುತ್ತಿತ್ತು. ನನಗೆ ನೋಡಿದ ಕೂಡಲೇ ಗೊತ್ತಾಯಿತು. ನಾನು ಹಾಕಿದ ಡ್ರೈವರು ಈ ಬೋರ್ಡಿನದಲ್ಲ.

ಪೀಣ್ಯದ ಕೆಲಸ ಮುಗಿಸಿ ಮೇಡಂ ವಾಪಸು ಬಂದ ಮೊದಲ ದಿನವೂ ಅದೇ. ಅವರು ಚೀಲ ಇಳಿಸಿ ಹಾಲಿಗೆ ಬರುವಷ್ಟರಲ್ಲಿ ಮ್ಯಾನೇಜರು ವಿಚಾರಣೆ ಶುರುಮಾಡಿದ್ದರು. ಹಬ್ಬದ ದಿನ ಆರಿಸಿದವರು ಯಾರು? ಯಮನಪ್ಪ. ಹೇಗೆ ಆರಿಸಿದೆ? ಹಿಂದಿನ ಸ್ವಿಚ್ಚಿನಿಂದ. ಮ್ಯಾನೇಜರು ನನ್ನ ಕಡೆ ತಿರುಗಿದರು. "ಹಾಗೆ ಡೈರೆಕ್ಟ್ ಆಫ್ ಮಾಡಿದ್ರೆ ಹೀಗಾಗತ್ತೇನ್ರೀ?"

"ಆಗಬಹುದು ಸಾರ್" ಎಂದೆ.

ಅದು ಪೂರ್ತಿ ಸುಳ್ಳೂ ಅಲ್ಲ. ಆಗಬಹುದು. ಎಷ್ಟೋ ಕಂಪ್ಯೂಟರು ಹಾಗೆ ಕೆಟ್ಟಿವೆ. ಇದು ಹಾಗೆ ಕೆಟ್ಟದ್ದಲ್ಲ ಎಂದು ಗೊತ್ತಿದ್ದೂ ಹೇಳಿದೆ, ಅಷ್ಟೇ ವ್ಯತ್ಯಾಸ. ಮ್ಯಾನೇಜರು ಗುತ್ತಿಗೆದಾರನಿಗೆ ಫೋನ್ ಹಚ್ಚಿ ಇವನನ್ನು ತೆಗೆದು ಬೇರೆಯವನನ್ನು ಕಳಿಸು ಎಂದರು. ಯಮನಪ್ಪ ಕೋಟು ಬಿಚ್ಚಿ ಮಡಚಿ ಮೇಜಿನ ಮೇಲಿಟ್ಟು ಹೋದ. ಮೇಡಂ ನನ್ನ ಪಕ್ಕದಲ್ಲೇ ನಿಂತಿದ್ದರು.

ಅವರು ಕೆಲಸಕ್ಕೆ ಕೂತರು. ಕೀಲಿಮಣೆಯಲ್ಲಿ ಎಫ್ ಎಂಟು ಒತ್ತಿ, ಹಿಂದೆ ಸರಿಯಾಗಿ ನಡೆದ ಸ್ಥಿತಿಗೆ ಮರಳು ಎನ್ನುವ ಆಯ್ಕೆ ಕೊಟ್ಟರು. ಏಳಲಿಲ್ಲ. ಸೇಫ್ ಮೋಡಿನಲ್ಲೂ ಏಳಲಿಲ್ಲ. ಆಮೇಲೆ ಕ್ಯಾಬಿನೆಟ್ ಬಿಚ್ಚಿ ಟಾರ್ಚು ಬಿಟ್ಟು ಬೋರ್ಡಿನ ನಂಬರು ಓದಿದರು. ಒಳಗೋಡೆಯಲ್ಲಿ ಅವರೇ ಅಂಟಿಸಿದ್ದ ಕವರು ಹಾಗೇ ಇತ್ತು. ಟೇಪು ಕೂಡ ಎದ್ದಿರಲಿಲ್ಲ. ವಿಂಡೋಸಿನ ಸೀಡಿ ಹಾಕಿ, ದುರಸ್ತಿಗೆಂದೇ ಇರುವ ಕಪ್ಪು ಪರದೆಗೆ ಹೋಗಿ, ಡ್ರೈವರ್ ಫೈಲುಗಳ ಪಟ್ಟಿ ತೆರೆದರು. ಪಕ್ಕದಲ್ಲಿ ತಾರೀಖುಗಳಿದ್ದವು. ಬಾಕಿಯವು ಹಳೆಯವು, ಕೆಲವು ಆಷಾಢ ಮುಗಿಯುವ ಹೊತ್ತಿನವು. ಅವರ ಬೆರಳು ಆ ತಾರೀಖಿನ ಮೇಲೆ ನಿಂತಿತು. ಆಗ ಅವರು ಪೀಣ್ಯದಲ್ಲಿದ್ದರು, ವಿಭಾಗದಲ್ಲಿ ಇದ್ದವನು ನಾನೊಬ್ಬನೇ. ಅವರು ನನ್ನ ಕಡೆ ತಿರುಗಲಿಲ್ಲ. ಕವರು ಕಿತ್ತು, 'ಹಿಂದಿನದು' ಸೀಡಿ ತೆಗೆದು, ಒಂದೊಂದೇ ಫೈಲನ್ನು ಹಳೆಯದರಿಂದ ತುಂಬುತ್ತಾ ಹೋದರು. ಹನ್ನೊಂದು ನಲವತ್ತಕ್ಕೆ ಕಂಪ್ಯೂಟರು ಎದ್ದಿತು. ಮೂಲೆಯ ಡಬ್ಬಿ ಇರಲಿಲ್ಲ. ಹೊಸ ಪ್ರಿಂಟರಿನ ಜಾಗಕ್ಕೆ ಸದ್ಯಕ್ಕೆ ಹಳೆಯದನ್ನೇ ಜೋಡಿಸಿದರು.

ಅವರು ಲಾಗ್ ಬುಕ್ ತೆರೆದು, ಎದ್ದ ಸಮಯ ಬರೆದರು. ಕಾರಣ ಎಂಬ ಅಂಕಣ ಖಾಲಿ ಬಿಟ್ಟರು. ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು, ಅದರ ಮೇಲೆ ಪೆನ್ನು ಅಡ್ಡ ಇಟ್ಟು, ಚಹಾ ಕುಡಿದು ಬರುತ್ತೇನೆ ಎಂದು ಹೋದರು.

ನಮ್ಮ ಕೋಣೆ ಮೊದಲನೇ ಮಹಡಿಯಲ್ಲಿತ್ತು. ಕಿಟಕಿಯಿಂದ ಗೇಟು, ಗೇಟಿನಾಚೆ ಚಹಾದ ಗೂಡಂಗಡಿ, ಪಕ್ಕದಲ್ಲಿ ಚರಂಡಿಯ ಕಲ್ಲು ಹಾಸು ಕಾಣುತ್ತಿತ್ತು. ಯಮನಪ್ಪ ಆ ಕಲ್ಲಿನ ಮೇಲೆ ಕೂತಿದ್ದ. ತನ್ನ ಬಾಡಿಗೆ ಕೋಣೆಗೆ ಹೋಗಿರಲಿಲ್ಲ. ಹೆಂಡತಿಗೆ ಏನೆಂದು ಹೇಳುವುದೆಂದು ತಿಳಿಯದೆ ಕೂತಿರಬೇಕು. ಊಟದ ಡಬ್ಬಿ ತೊಡೆಯ ಮೇಲೇ ಇತ್ತು, ಬಿಚ್ಚಿರಲಿಲ್ಲ.

ಮೇಡಂ ಬಂದರು. ಪುಸ್ತಕ ನೋಡಿದರು. ಅಂಕಣ ಖಾಲಿಯೇ ಇತ್ತು. ಮ್ಯಾನೇಜರು ಮೂರು ಸಲ ಮೇಲೆ ಬಂದು, ಎದ್ದಿದೆಯಲ್ಲ, ಸಹಿ ಹಾಕಿ ಲೈನ್ ಬಿಡಿ ಎಂದರು. ಕಾರಣ ಗೊತ್ತಾಗದೆ ಹಾಕಲಾರೆ, ನಾಳೆ ಮತ್ತೆ ಬಿದ್ದರೆ ಎಂದು ಮೇಡಂ ಉತ್ತರ. ಊಟದ ಹೊತ್ತಿಗೆ ನನ್ನ ಮುಂದೆ ಎಂದಿನಂತೆ ರೊಟ್ಟಿ ಇಟ್ಟರು. ಅದನ್ನು ಹಾಗೇ ಬಿಟ್ಟೆ. ಎರಡು ಗಂಟೆಗೆ ಕಿಟಕಿಗೆ ಹೋಗಿ ನೋಡಿದೆ, ಅವನು ಅಲ್ಲೇ ಇದ್ದ. ಮೂರಕ್ಕೆ ನೋಡಿದೆ, ನೆರಳು ಸರಿದಿತ್ತು, ಅವನು ಸರಿದಿರಲಿಲ್ಲ. ಒಪ್ಪಿಕೊಂಡರೆ ನನ್ನ ಕೆಲಸ ಹೋಗುತ್ತದೆ ಎಂಬ ಹೆದರಿಕೆ ಒಂದು ಕಡೆ. ಅವನಿಗೆ ಬೇರೆ ಕಾರ್ಖಾನೆ ಸಿಗಬಹುದು ಎಂಬ ನೀಚ ಸಮಾಧಾನ ಇನ್ನೊಂದು ಕಡೆ. ಎರಡನ್ನೂ ತಿರುಗಿಸಿ ಮುರುಗಿಸಿ ನೋಡುವುದರಲ್ಲಿ ಹೊತ್ತು ಹೋಯಿತು. ನಾಲ್ಕು ಹತ್ತಕ್ಕೆ ಪೆನ್ನು ಎತ್ತಿಕೊಂಡೆ. ಡ್ರೈವರು ಬದಲಾಯಿಸಿದ ಮೇಲೆ ಆರಿಸಿ ಹಚ್ಚಿ ಪರೀಕ್ಷಿಸಿರಲಿಲ್ಲ ಎಂದು ಇಂಗ್ಲಿಷಿನಲ್ಲಿ ಎರಡು ಸಾಲು ಬರೆದು ನನ್ನ ಸಹಿ ಹಾಕಿದೆ.

ಮೇಡಂ ಓದಿ, ನನ್ನ ಸಹಿಯ ಪಕ್ಕ ತಾವೇ ಸಮಯ ಬರೆದರು. "ನಾಲ್ಕೂವರಿ ತಾಸು ಹಿಡೀತಲ್ಲೋ ತಮ್ಮಾ." ಅಷ್ಟೇ ಅಂದದ್ದು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಹಗುರಾಗುತ್ತಿತ್ತು. ದಣಿದಿದ್ದರು.

ಮ್ಯಾನೇಜರು ಪುಸ್ತಕ ಓದಿ ನನ್ನನ್ನು ಚೆನ್ನಾಗಿ ಬೈದರು, ಎಚ್ಚರಿಕೆ ಪತ್ರ ಕೊಡುತ್ತೇನೆ ಎಂದರು. ಯಮನಪ್ಪನ ವಿಷಯ ಗುತ್ತಿಗೆದಾರನಿಗೆ ಸೇರಿದ್ದು, ಅದನ್ನೀಗ ಎತ್ತುವುದು ಬೇಡ ಎಂದರು. ಮೇಡಂ ಪುಸ್ತಕವನ್ನು ಮಡಚಿ ಕಂಕುಳಲ್ಲಿಟ್ಟುಕೊಂಡರು. ಎರಡನೇ ಸಲ ಹಚ್ಚುವುದು ಇನ್ನೂ ಬಾಕಿ ಇದೆ, ಅದನ್ನು ಆ ಲೈನಿನ ಆಪರೇಟರೇ ಮಾಡಬೇಕು, ಉಳಿದ ಪಾಳಿಯವರಿಗೆ ಸಹಿ ಹಾಕುವ ತರಬೇತಿ ಆಗಿಲ್ಲ, ಆದವನು ಯಮನಪ್ಪ ಒಬ್ಬನೇ ಎಂದು ನಿಧಾನವಾಗಿ ಹೇಳಿದರು. ಹೊಸಬನಿಗೆ ತರಬೇತಿ ಕೊಡಲು ಎಂಟು ದಿನ ಬೇಕಾಗುತ್ತದೆ ಎಂದೂ ಸೇರಿಸಿದರು. ಮ್ಯಾನೇಜರು ಗಡಿಯಾರ ನೋಡಿ, ಕರೆಸ್ಕೊಳ್ಳಿ ಎಂದು ಕೈಚೆಲ್ಲಿದರು.

ಮೇಡಂ ನನ್ನತ್ತ ತಿರುಗಿದರು. "ನೀನ ಹೋಗು. ಹೋಗಿ ನಡದದ್ದು ಹೇಳಿ ಕರ್ಕೊಂಡು ಬಾ."

ಗೇಟಿನ ತನಕ ಹೇಳುವ ಮಾತನ್ನು ಜೋಡಿಸಿಕೊಂಡೇ ಹೋದೆ. ನನ್ನನ್ನು ಕಂಡ ಕೂಡಲೇ ಯಮನಪ್ಪ ಎದ್ದು ನಿಂತ. ನಾನು ಬಾಯಿ ತೆರೆಯುವ ಮೊದಲೇ ಅವನೇ ಕೇಳಿದ. "ಸರ, ಆ ಡಬ್ಬಿ ನಾ ಒತ್ತಬೇಕಿತ್ತೇನ್ರಿ?"

ಬೆಳಿಗ್ಗೆಯಿಂದ ಆ ಕಲ್ಲಿನ ಮೇಲೆ ಕೂತು ಅವನು ಅದನ್ನೇ ಯೋಚಿಸಿದ್ದ. ನಿನ್ನದೇನೂ ತಪ್ಪಿಲ್ಲ, ಎಲ್ಲ ನನ್ನದು ಎನ್ನಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇಕಿರಲಿಲ್ಲ. ಗೂಡಂಗಡಿಯಲ್ಲಿ ನಾಲ್ಕು ಜನ ನಿಂತು ನಮ್ಮನ್ನೇ ನೋಡುತ್ತಿದ್ದರು. ಮೇಡಂ ಕರೀತಿದ್ದಾರೆ ಬಾ ಎಂದು ಮುಂದೆ ನಡೆದೆ. ಅವನು ಹಿಂದೆ ಬಂದ.

ಹಾಲಿನಲ್ಲಿ ಮೇಡಂ ಅವನಿಗೆ ಕೋಟು ಕೊಟ್ಟು ಕಂಪ್ಯೂಟರಿನ ಮುಂದೆ ಕೂರಿಸಿದರು. ಒತ್ತು ಯಮನಪ್ಪಾ ಎಂದರು. ಅವನು ಒತ್ತಿದ. ಅದು ಏಳುವ ತನಕ ಮೂವರೂ ಕಾದೆವು. ನಡುವೆ ಮೇಡಂ ಸಣ್ಣ ದನಿಯಲ್ಲಿ ನನ್ನನ್ನು ಕೇಳಿದರು, ಹೇಳಿದಿ ಹೌದಲ್ಲ ಎಂದು. ನಾನು ತಲೆ ಆಡಿಸಿದೆ. ಕಂಪ್ಯೂಟರು ಎದ್ದಿತು, ಯಮನಪ್ಪ ಸಹಿ ಹಾಕಿದ, ಅವರೂ ಹಾಕಿದರು. ಅವನಿಗೆ ಇಂಗ್ಲಿಷು ಬರುತ್ತಿರಲಿಲ್ಲ. ನಾನು ಬರೆದ ಎರಡು ಸಾಲಿನ ಕೆಳಗೇ ಅವನ ಸಹಿ ಇದೆ.

ಆಮೇಲೆ ಪ್ರತಿ ವರ್ಷ ಪರಿಶೀಲನೆಗೆ ಬಂದವರು ಲಾಗ್ ಬುಕ್ ತಿರುವುವಾಗ ಆ ಪುಟದಲ್ಲಿ ನಿಲ್ಲುತ್ತಿದ್ದರು. ಎದ್ದದ್ದು ಹನ್ನೊಂದು ನಲವತ್ತಕ್ಕೆ, ಕಾರಣ ಗೊತ್ತಾದದ್ದು ನಾಲ್ಕು ಹತ್ತಕ್ಕೆ, ನಡುವೆ ಏನು ನಡೆಯುತ್ತಿತ್ತು ಎಂದು ಕೇಳುತ್ತಿದ್ದರು. ಮೇಡಂ ಕನ್ನಡಕ ಒರೆಸುತ್ತಾ, ಅದನ್ನು ಇವರು ಹೇಳುತ್ತಾರೆ ಎಂದು ನನಗೆ ಬಿಡುತ್ತಿದ್ದರು. ತನಿಖೆ ನಡೆಯುತ್ತಿತ್ತು ಎಂದು ನಾನು ಹೇಳುತ್ತಿದ್ದೆ. ಬಂದವರು ಬರೆದುಕೊಂಡು ಹೋಗುತ್ತಿದ್ದರು.

ಯಮನಪ್ಪ ಆ ಲೈನಿನಲ್ಲಿ ಹೆಚ್ಚು ದಿನ ಇರಲಿಲ್ಲ. ದೀಪಾವಳಿ ಮುಗಿಯುತ್ತಲೇ ತಾನಾಗಿ ಕೇಳಿಕೊಂಡು, ಲಾರಿಗೆ ಪೆಟ್ಟಿಗೆ ತುಂಬುವ ಲೋಡಿಂಗ್ ಕೆಲಸಕ್ಕೆ ಹೋದ. ಆಪರೇಟರ್ ಆಗಿದ್ದವನು ಯಾಕೆ ಹಮಾಲಿಗೆ ಹೋದ ಎಂದು ಮೇಡಂ ನನ್ನನ್ನು ಕೇಳಿದರು. ಗೊತ್ತಿಲ್ಲ ಮೇಡಂ ಎಂದೆ. ಬೋರ್ಡಿನ ನಂಬರು ಓದುವಾಗ ನೋಡುತ್ತಿದ್ದ ಹಾಗೆ ನನ್ನನ್ನು ಒಂದು ಗಳಿಗೆ ನೋಡಿದರು. ಮತ್ತೆ ಕೇಳಲಿಲ್ಲ. ಆದರೆ ಅವತ್ತಿನಿಂದ ನಾನು ಯಾವ ಕಂಪ್ಯೂಟರಿನ ಕೆಲಸ ಮುಗಿಸಿದರೂ ಎರಡನೇ ಸಲ ಹಚ್ಚುವ ಹೊತ್ತಿಗೆ ಅವರು ಬಂದು ನನ್ನ ಬೆನ್ನ ಹಿಂದೆ ನಿಲ್ಲುತ್ತಿದ್ದರು. ನಿವೃತ್ತಿಯಾಗುವ ತನಕ ನಿಂತರು. ಬೀಳ್ಕೊಡುಗೆಯ ದಿನ ಮ್ಯಾನೇಜರು ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಅವರು ಸೇರಿದ ವರ್ಷವನ್ನೇ ತಪ್ಪಾಗಿ ಹೇಳಿ ಭಾಷಣ ಮಾಡಿದರು. ಮೇಡಂ ಬುಟ್ಟಿಯನ್ನು ನೇರವಾಗಿ ಲೋಡಿಂಗಿನವರ ಹತ್ತಿರ ಒಯ್ದು ಹಂಚಿ, ಖಾದಿ ಚೀಲ ಹೆಗಲಿಗೇರಿಸಿ ಬಸ್ಸು ಹತ್ತಿದರು. ರಬ್ಬರು ನನಗೆ ಕೊಟ್ಟುಹೋದರು. ಈಗಲೂ ನನ್ನ ಡ್ರಾಯರಿನಲ್ಲಿದೆ.

ಇಷ್ಟನ್ನು ಬರೆದು ಅಲ್ಲಿಗೆ ಬಿಡುವವನಿದ್ದೆ. ಸಂಜೆ ಗುಂಪಿನಲ್ಲಿ ಕೈಮುಗಿದ ಚಿತ್ರಗಳ ಕೆಳಗೆ ಮೊದಲ ಬಾರಿಗೆ ಮಾತುಗಳು ಬಂದವು. 'ಅಕ್ಕಾರು ದೊಡ್ಡ ಮನಷ್ಯಾರು. ನಾ ತಪ್ಪು ಮಾಡಿ ಮಷೀನ ಕೆಡಿಸಿದಾಗೂ ನನ್ನ ಕೈಬಿಡದ, ಗೇಟಿನ ಹೊರಗಿಂದ ಒಳಗ ಕರಸಿದ್ರು. ಯಮನಪ್ಪ, ಲೋಡಿಂಗ್. ಮಗಳ ಕಡಿಂದ ಬರಸೀನಿ.'

ಅದನ್ನು ಎಷ್ಟು ಸಲ ಓದಿದೆನೋ. ನಾನು ತಪ್ಪು ಒಪ್ಪಿಕೊಂಡಿದ್ದೇನೆ ಎಂದೇ ಇಷ್ಟು ವರ್ಷ ನಂಬಿದ್ದೆ. ಪುಸ್ತಕಕ್ಕೆ ಒಪ್ಪಿಕೊಂಡಿದ್ದೆ, ಮ್ಯಾನೇಜರಿಗೆ ಒಪ್ಪಿಕೊಂಡಿದ್ದೆ. ಯಾರಿಗೆ ಹೇಳಬೇಕಿತ್ತೋ ಅವನಿಗೆ ಹೇಳಿರಲಿಲ್ಲ. ಮೇಡಂ ನನ್ನ ಬೆನ್ನ ಹಿಂದೆ ನಿಂತು ಕಾದದ್ದು ಅದಕ್ಕೇ ಇರಬೇಕು. ನನಗೆ ನಾಚಿಕೆಯಾಯಿತು. ಗುಂಪಿನಿಂದ ಅವನ ನಂಬರು ತೆಗೆದು ಫೋನ್ ಮಾಡಿದೆ. ಮಗಳು ಎತ್ತಿ ಅಪ್ಪನಿಗೆ ಕೊಟ್ಟಳು.

"ಹೇಳ್ರಿ ಸರ" ಎಂದ.

ಹೇಳಿದೆ. ಬಿಚ್ಚದ ಕ್ಯಾಬಿನೆಟ್ಟು, ಓದದ ನಂಬರು, ಹೋಗದ ಭಾನುವಾರ, ಆಗಬಹುದು ಎಂದ ಮಾತು, ಪುಸ್ತಕದಲ್ಲಿ ಅವನ ಸಹಿಯ ಮೇಲಿರುವ ಎರಡು ಸಾಲು, ಎಲ್ಲವನ್ನೂ. ಮುಗಿದ ಮೇಲೆ ಅವನು ಕೇಳಿದ.

"ಇದು ಅಕ್ಕಾರಿಗೆ ಗೊತ್ತಿತ್ತೇನ್ರಿ?"

"ಗೊತ್ತಿತ್ತು ಯಮನಪ್ಪ. ಅವತ್ತು ನಿನಗೆ ಹೇಳೋಕ್ಕೇ ನನ್ನ ಕಳಿಸಿದ್ದು."

ಫೋನಿನಲ್ಲಿ ಅವನ ಮಗಳು ಏನಾತಪ್ಪಾ ಎಂದು ಕೇಳುವುದು ಕೇಳಿಸಿತು.

"ಮತ್ತ ಏನರ ಕೆಡಿಸಿ ಅಕ್ಕಾರಿಗೆ ಕೆಟ್ಟ ಹೆಸರು ತರಬಾರದಂತ ಲೈನ್ ಬಿಟ್ಟಿನ್ರಿ ಸರ" ಎಂದ ಯಮನಪ್ಪ. "ಅವತ್ತಿಂದ ಇವತ್ತಿನ ತನಕ ನಾ ಕಂಪ್ಯೂಟರ್ ಮುಟ್ಟಿಲ್ಲ."